ಒಂದೇ ಕೀಬೋರ್ಡ್, ಎರಡು ನಾದ

ನಮ್ಮ ಕನ್ನಡ ಪೂಜೆಗೆ ಕೀಬೋರ್ಡ್ ನುಡಿಸುವವರು ಒಬ್ಬರೇ. ಆದರೂ ‘ಸ್ಪ್ಲಿಟ್’ ಒತ್ತಿದರೆ ಎಡಗೈಗೆ ಸ್ಟ್ರಿಂಗ್ಸ್, ಬಲಗೈಗೆ ಪಿಯಾನೊ ಎಂದು ಎರಡು ನಾದ ಸಿಗುತ್ತವೆ.

ಸ್ಪ್ಲಿಟ್ ಪಾಯಿಂಟನ್ನು ನಡುವಿನ ‘ಸಿ’ ಮನೆಗಿಂತ ಸ್ವಲ್ಪ ಕೆಳಗೆ ಇಡೋಣ. ಎಡಗಡೆಯ ನಾದ ತೀರಾ ಮಂದ್ರವಾದರೆ ಒಂದು ಆಕ್ಟೇವ್ ಏರಿಸೋಣ. ಅದರ ವಾಲ್ಯೂಮ್ ಬಲಗಡೆಗಿಂತ ಕಡಿಮೆ ಇರಲಿ. ಜನರಿಗೆ ಶ್ರುತಿ ಎತ್ತರವಾದರೆ ‘ಟ್ರಾನ್ಸ್‌ಪೋಸ್’ನಲ್ಲಿ ಇಳಿಸೋಣ, ಒಂದು ಅಂಕಿ ಎಂದರೆ ಅರ್ಧ ಸ್ವರ.

ವಾದ್ಯದ ಸದ್ದಿನಲ್ಲಿ ಗೀತೆಯ ಮಾತು ಮುಳುಗಬಾರದೆಂದು ಧರ್ಮಸಭೆಯ 1967ರ ‘ಮೂಸಿಕಾಮ್ ಸಾಕ್ರಮ್’ ಸೂಚನೆ ಹೇಳುತ್ತದೆ. ಹಲವು ಭಾಷೆಗಳ ಧರ್ಮಪ್ರಾಂತ್ಯದಲ್ಲಿ ಕನ್ನಡದಲ್ಲಿ ಹಾಡುವ ನಮಗೆ ಆ ಮಾತೇ ಮುಖ್ಯ. ಅಭ್ಯಾಸದ ದಿನ ಒಬ್ಬರು ಕೊನೆಯ ಬೆಂಚಿನಲ್ಲಿ ಕುಳಿತು ಕೇಳಲಿ. ಪದಗಳು ಸ್ಪಷ್ಟವಾಗಿ ಕೇಳಿಸಿದರೆ ಆ ಹೊಂದಿಕೆಯನ್ನು ಮೆಮೊರಿಯಲ್ಲಿ ಉಳಿಸೋಣ.