ಪ್ರದಕ್ಷಿಣೆ ಹಾಕದೆ ಹತ್ತಬೇಡ

ಪುಟ್ಟೀ, ಜಕ್ಕೂರಿನಲ್ಲಿ ವಿಮಾನ ಕಲಿಯಲು ಸೇರಿಕೊಂಡೆ ಅಂತ ಫೋನಿನಲ್ಲಿ ಹೇಳಿದೆಯಲ್ಲ, ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಭಯಕ್ಕಲ್ಲ. ನಿಮ್ಮಜ್ಜ ಇದ್ದಿದ್ದರೆ ಆ ಹೊತ್ತಿಗೇ ಚಪ್ಪಲಿ ಮೆಟ್ಟಿ ನಿನ್ನ ಜೊತೆ ಹೊರಡುತ್ತಿದ್ದರು ಅನ್ನುವ ನೆನಪಿಗೆ. 92 ತುಂಬಿದ ಮೇಲೂ ತಲೆಯ ಮೇಲೆ ಸದ್ದಾದರೆ ಕೈಯ ತುತ್ತು ಕೈಯಲ್ಲೇ ನಿಲ್ಲುತ್ತಿತ್ತು. ಅದು ಧ್ರುವ್ ಹೆಲಿಕಾಪ್ಟರೋ ತೇಜಸ್ಸೋ ಅಂತ ಕಣ್ಣು ಮುಚ್ಚಿ ಹೇಳುತ್ತಿದ್ದರು. ಅದೇ ಕಿವಿಗೆ ನಾನು ಮೂರು ಸಲ ಕೂಗಿದ್ದು ಕೇಳಿಸುತ್ತಿರಲಿಲ್ಲ, ಅದು ಬೇರೆ ಮಾತು.

ಅವರು ವಿಮಾನ ಕಾರ್ಖಾನೆ ಎಚ್‌ಎಎಲ್‌ಗೆ ಸೇರಿದ್ದು 1951ರಲ್ಲಿ, 19ರ ಹುಡುಗ. ವಿನ್ಯಾಸಕ ಘಾಟಗೆ ಅವರ ತಂಡದ ತರಬೇತಿ ವಿಮಾನ ಎಚ್‌ಟಿ-2 ಮೊದಲ ಸಲ ಹಾರಿದ ವರ್ಷ. ಆಮೇಲೆ ಪುಷ್ಪಕ್ ಬಂತು. ಫ್ಲೈಯಿಂಗ್ ಕ್ಲಬ್ಬುಗಳಿಗೆಂದೇ ಕಟ್ಟಿದ, ಇಬ್ಬರು ಕೂರುವ, 90 ಅಶ್ವಶಕ್ತಿಯ ಪುಟ್ಟ ವಿಮಾನ. ಅದರ ರೆಕ್ಕೆಗೆ ಬಟ್ಟೆ ಹೊದಿಸಿ ಡೋಪ್ ಅನ್ನುವ ಮೆರುಗೆಣ್ಣೆ ಬಳಿದರೆ ಬಟ್ಟೆ ಬಿಗಿದುಕೊಂಡು ತಮಟೆಯ ಹಾಗೆ ನುಡಿಯುತ್ತಿತ್ತಂತೆ. ಆ ಡೋಪಿನ ವಾಸನೆ ಅವರ ಅಂಗಿಯಿಂದ ನನ್ನ ಸೀರೆಗೂ ಬಂದಿತ್ತು. ಸಂಬಳದಲ್ಲಿ ಉಳಿಸಿ ಉಳಿಸಿ, ನೀನೀಗ ಹೋಗುತ್ತಿರುವ ಅದೇ ಜಕ್ಕೂರಿನಲ್ಲಿ ಹಾರುವುದನ್ನೂ ಕಲಿತರು.

ನಿನಗೆ ಹೇಳಬೇಕಾದದ್ದು ಹಾರುವುದಕ್ಕಿಂತ ಮುಂಚಿನ ಮಾತು. ಹತ್ತುವ ಮೊದಲು ವಿಮಾನದ ಸುತ್ತ ಒಂದು ಸುತ್ತು ಬರಬೇಕು ಅಂತ ನಿಮ್ಮ ಮೇಷ್ಟ್ರು ಹೇಳಿಕೊಟ್ಟಿರಬೇಕು. ಅಜ್ಜ ಅದನ್ನು ಪ್ರದಕ್ಷಿಣೆ ಅನ್ನುತ್ತಿದ್ದರು. ಟೈರು, ರೆಕ್ಕೆಯ ಕೀಲು, ಎಂಜಿನ್ ಆಯಿಲ್, ಒಂದನ್ನೂ ಬಿಡುವ ಹಾಗಿಲ್ಲ. ಟ್ಯಾಂಕಿನ ತಳದಿಂದ ಪೆಟ್ರೋಲನ್ನು ಗಾಜಿನ ಲೋಟಕ್ಕೆ ಬಸಿದು ಬೆಳಕಿಗೆ ಹಿಡಿದು ನೋಡಬೇಕು. ರಾತ್ರಿಯ ತಂಪಿಗೆ ಅರ್ಧ ಖಾಲಿ ಟ್ಯಾಂಕಿನ ಒಳಗೆ ಬೆವರು ಕಟ್ಟುತ್ತದೆ, ನೀರು ಪೆಟ್ರೋಲಿಗಿಂತ ಭಾರ, ಹೋಗಿ ತಳದಲ್ಲಿ ಕೂರುತ್ತದೆ. ಮೇಲಿಂದ ಇಣುಕಿದರೆ ಎಲ್ಲ ಸರಿಯಾಗೇ ಕಾಣುತ್ತದೆ. ನಿನ್ನೆ ನೋಡಿದ್ದೆನಲ್ಲ ಅಂದರೆ ಅವರಿಗೆ ಸಿಟ್ಟು ಬರುತ್ತಿತ್ತು. ನಿನ್ನೆಯ ಊಟ ಇವತ್ತಿನ ಹಸಿವಿಗೆ ಆಗುತ್ತಾ ಅನ್ನುತ್ತಿದ್ದರು.

ಆ ಚಾಳಿ ಮನೆಗೂ ಬಂತು. ನಿನ್ನನ್ನು ತೊಟ್ಟಿಲಿಗೆ ಹಾಕುವ ಮುಂಚೆ ಪ್ರತಿ ಸಲ ಹಗ್ಗ ಜಗ್ಗಿ, ಕೊಕ್ಕೆ ತಟ್ಟಿ ನೋಡುತ್ತಿದ್ದರು. ನಿನ್ನ ಸ್ಕೂಲಿನ ಆಟೋಗೂ ದಿನಾ ಬೆಳಿಗ್ಗೆ ಪ್ರದಕ್ಷಿಣೆ. ಆಟೋದವನು, ತಾತ, ಮಂಗಳಾರತಿ ತರಲಾ ಅಂತ ರೇಗಿಸುತ್ತಿದ್ದ. ಮುದ್ದು ಮಾಡುವುದು ಅವರಿಗೆ ಬರುತ್ತಿರಲಿಲ್ಲ, ಬರುತ್ತಿದ್ದುದು ಇಷ್ಟೇ.

ಇನ್ನೊಂದು, ಮಂಡಕಳ್ಳಿಯ ಕಥೆ. ನಿಮ್ಮಪ್ಪನಿಗೂ ಅರ್ಧವೇ ಗೊತ್ತು.

1961, ನಮ್ಮ ಮದುವೆಯಾದ ವರ್ಷ. ಆಷಾಢಕ್ಕೆ ನಾನು ಮೈಸೂರಿನ ತವರಿಗೆ ಬಂದಿದ್ದೆ. ಅಳಿಯ ಅತ್ತೆಮನೆಯ ಹೊಸ್ತಿಲು ತುಳಿಯುವ ಹಾಗಿಲ್ಲವಲ್ಲ, ಇವರು ಉಪಾಯ ಹೂಡಿದರು. ಭಾನುವಾರ ಪುಷ್ಪಕ್ ತಗೊಂಡು ಮಂಡಕಳ್ಳಿಯಲ್ಲಿ ಇಳಿಯುತ್ತೇನೆ, ಅದು ಮಹಾರಾಜರ ಕಾಲದ ಮೈದಾನ, ನಿಮ್ಮಪ್ಪನ ಹೊಸ್ತಿಲಲ್ಲ ಅಂತ ಕಾಗದ ಬರೆದರು. ಒಂದು ಗಂಟೆಯ ಹಾದಿ, ಒಬ್ಬರೇ ಬರುವವರು. ನಾನು, ಅಪ್ಪ, ತಮ್ಮಂದಿರು, ಬೀದಿಯ ಅರ್ಧ ಜನ ಡಬ್ಬಿಯಲ್ಲಿ ಚಿರೋಟಿ ಹಿಡಿದು ಹೋಗಿ ನಿಂತೆವು. ಗಾಳಿಗೆ ಸೆರಗು ನಿಲ್ಲುತ್ತಿರಲಿಲ್ಲ. ಮಧ್ಯಾಹ್ನ ಎರಡರವರೆಗೆ ಕಾದೆವು. ಹದ್ದು ಬಿಟ್ಟರೆ ಏನೂ ಬರಲಿಲ್ಲ. ಚಿರೋಟಿಯನ್ನು ತಮ್ಮಂದಿರು ಅಲ್ಲೇ ಮುಗಿಸಿದರು.

ರಾಮನಗರದ ಬೆಟ್ಟಗಳ ತಲೆ ಮೋಡದಲ್ಲಿ ಮುಳುಗಿತ್ತಂತೆ. ಕೆಳಗೆ ನುಸುಳಿಕೊಂಡು ಹೋದರೆ ಹೋಗಬಹುದಿತ್ತೇನೋ. ಇವರು ವಿಮಾನ ತಿರುಗಿಸಿ ಜಕ್ಕೂರಿಗೆ ವಾಪಸ್ಸಾದರು. ಆಮೇಲೆ ಎಷ್ಟೋ ವರ್ಷ ನಮ್ಮ ತವರಿನಲ್ಲಿ ಹಬ್ಬಕ್ಕೊಮ್ಮೆ, ಮೋಡ ನೋಡಿ ಹೆದರಿದ ಅಳಿಯಂದಿರು ಅನ್ನುವ ನಗೆಯಾಟ. ನನಗೂ ಒಳಗೊಳಗೇ ಅವಮಾನ, ಸುಳ್ಳೇಕೆ ಹೇಳಲಿ. ಅವರು ಮಾತ್ರ ಎಲ್ಲರ ಜೊತೆ ನಕ್ಕು ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳುತ್ತಿದ್ದರು. ಮಕ್ಕಳಾದ ಮೇಲೆ, ಫೀಸು ಬಾಡಿಗೆ ಎನ್ನುತ್ತ ಹಾರಾಟ ನಿಂತೇ ಹೋಯಿತು. ಮಂಡಕಳ್ಳಿಯಲ್ಲಿ ಅವರು ಒಮ್ಮೆಯೂ ಇಳಿಯಲಿಲ್ಲ.

ಈಗ ನಿನಗೆ ಕಾಯುವವರು ನನ್ನ ಕಾಲಕ್ಕಿಂತ ಹೆಚ್ಚು. ಫೋನು ಹಿಡಿದು ವಿಡಿಯೋ ತೆಗೆಯಲು ನಿಂತ ಗೆಳತಿಯರು, ಗಂಟೆಗಿಷ್ಟು ಅಂತ ಸಾಲ ಮಾಡಿ ಕಟ್ಟಿದ ನಿಮ್ಮಪ್ಪ, ಕೊನೆಗೆ ನಾನೂ. ನಮ್ಮ ಮುಖ ನೋಡಿ ಮುಂದೆ ಹೋಗಬೇಡ. ಡಬ್ಬಿ ಹಿಡಿದು ನಿಂತವರು ಮನೆಗೆ ನಡೆದುಕೊಂಡು ಹೋಗುತ್ತಾರೆ, ಅವರಿಗೇನೂ ಆಗುವುದಿಲ್ಲ. ನಗುವವರು ನಗಲಿ.

2008ರ ಮೇ ತಿಂಗಳಲ್ಲಿ ಪ್ರಯಾಣಿಕರ ವಿಮಾನವೆಲ್ಲ ಎಚ್‌ಎಎಲ್ ನಿಲ್ದಾಣ ಬಿಟ್ಟು ದೇವನಹಳ್ಳಿಯ ಹೊಸ ನಿಲ್ದಾಣಕ್ಕೆ ಹೋದಾಗ ಅಜ್ಜ ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತಾರಸಿಯಲ್ಲಿ ಸುಮ್ಮನೆ ನಿಂತಿದ್ದರು. ನಿನಗೆ ನೆನಪಿರಲಾರದು. ನಿನ್ನ ಕಾಲ ಹಿಡಿದುಕೊಂಡಿದ್ದ ಅವರ ಕೈ ನನಗೆ ನೆನಪಿದೆ.

ಅವರ ಲಾಗ್‌ಬುಕ್ಕನ್ನು ಟ್ರಂಕಿನಿಂದ ತೆಗೆದಿಟ್ಟಿದ್ದೇನೆ, ಬಂದು ತಗೊಂಡು ಹೋಗು. ಆ ಭಾನುವಾರದ ಸಾಲಿನಲ್ಲಿ ಮೋಡ, ವಾಪಸ್ ಅಂತ ಎರಡೇ ಪದ ಇದೆ, ಅಕ್ಷರ ಚೂರೂ ಅಲುಗಿಲ್ಲ. ಮತ್ತೆ, ಮೊನ್ನೆ ನೀನು ಒಳಗೆ ಕಾಫಿ ಕುಡಿಯುತ್ತಿದ್ದಾಗ ನಾನು ಹೊರಗೆ ಹೋಗಿ ನೋಡಿದೆ. ನಿನ್ನ ಸ್ಕೂಟರಿನ ಹಿಂದಿನ ಟೈರಿನಲ್ಲಿ ಗಾಳಿ ಕಮ್ಮಿ ಇದೆ.