ಚಾಕೊಲೇಟ್ ಕಡಂಬುಟ್ಟಿಗೆ ಪಂದಿ ಕರಿ ಬಡಿಸಬೇಡ

ಮಗಳೇ, ರಜೆಯಲ್ಲಿ ಬೆಂಗಳೂರಿನ ಗೆಳತಿಯರನ್ನು ಮೂರ್ನಾಡಿಗೆ ಕರೆತಂದು ಚಾಕೊಲೇಟ್ ಕಡಂಬುಟ್ಟು ಮಾಡಿ ಹಾಕುತ್ತೀಯಂತೆ. ಫೋನಿನಲ್ಲಿ ಹೇಳುವಾಗ ನಿನ್ನಮ್ಮನಿಗೆ ಅರ್ಧ ನಗು, ಅರ್ಧ ಸಿಟ್ಟು. ನನಗಂತೂ ಸಿಟ್ಟು ಬರಲಿಲ್ಲ. ಮಡಿಕೇರಿಯ ಅಂಗಡಿಗಳಲ್ಲಿ ಹೋಂಮೇಡ್ ಚಾಕೊಲೇಟಿಗೇ ಮೆಣಸು ಹಾಕಿ ಮಾರುತ್ತಾರೆ, ಕಡಂಬುಟ್ಟು ಏನು ಪಾಪ ಮಾಡಿದೆ? ಧಾರಾಳವಾಗಿ ಮಾಡು. ಒಲೆ ಹಚ್ಚುವ ಮೊದಲು ದೊಡ್ಡಮ್ಮನ ಮಾತು ಸ್ವಲ್ಪ ಕೇಳಿಸಿಕೋ.

ಕಡಂಬುಟ್ಟಿನಲ್ಲಿ ಇರುವುದೇನು? ಅಕ್ಕಿ ತರಿ, ನೀರು, ಉಪ್ಪು, ಉಂಡೆ ಕಟ್ಟುವಾಗ ಕೈಗೆ ಸವರಿಕೊಳ್ಳುವ ತುಪ್ಪ. ತನ್ನದೇ ರುಚಿಯ ಜಂಬ ಅದಕ್ಕಿಲ್ಲ. ಹಾಗಿರುವುದರಿಂದಲೇ ಪಂದಿ ಕರಿಯ ಖಾರವನ್ನೂ ಕಾಚಂಪುಳಿಯ ಹುಳಿಯನ್ನೂ ಒಟ್ಟಿಗೆ ಹೊತ್ತು ತರುತ್ತದೆ. ನೀನು ಅದರೊಳಗೇ ಒಂದು ರುಚಿ ತುಂಬಿಬಿಟ್ಟರೆ ಇನ್ನೊಂದಕ್ಕೆ ಜಾಗವೆಲ್ಲಿ? ಆದ್ದರಿಂದ ಚಾಕೊಲೇಟ್ ಎಷ್ಟು ಹಾಕಲಿ ಎಂದು ಆಮೇಲೆ ಕೇಳು. ನಂಜಿಕೊಳ್ಳಲು ಏನು ಕೊಡಲಿ ಅನ್ನುವುದನ್ನು ಮೊದಲು ತೀರ್ಮಾನಿಸು.

ಒಳಗೇ ರುಚಿ ತುಂಬಿದ್ದಕ್ಕೆ ನಂಜಿಕೊಳ್ಳುವುದನ್ನು ಬದಲಿಸುವುದು ನಮ್ಮ ಮನೆಗಳಲ್ಲಿ ಹೊಸ ವಿಷಯವೇನಲ್ಲ. ಆಗಸ್ಟ್ 3ರ ಹೊತ್ತಿಗೆ, ಆ ಜಡಿಮಳೆಯಲ್ಲಿ, ಕಕ್ಕಡ ತಿಂಗಳ ಹದಿನೆಂಟು ಬರುತ್ತದಲ್ಲ, ಅವತ್ತಿನ ಮದ್ದ್ ಪುಟ್ಟನ್ನು ನೆನೆಸಿಕೋ. ಮದ್ದ್ ಗಿಡದ ಸೊಪ್ಪನ್ನೂ ಕಾಂಡವನ್ನೂ ಕುದಿಸಿ ಸೋಸಿದ ನೇರಳೆ ರಸದಲ್ಲಿ ದಿನಾ ತಿನ್ನುವ ಅದೇ ಅಕ್ಕಿಯನ್ನು ಬೇಯಿಸುತ್ತೇವೆ. ಆ ದಿನ ಗಿಡದಲ್ಲಿ ಹದಿನೆಂಟು ಬಗೆಯ ಔಷಧಿ ಸೇರಿರುತ್ತದೆ ಎಂಬುದು ಹಿರಿಯರ ನಂಬಿಕೆ. ಬಣ್ಣ, ಘಾಟು ಎರಡೂ ಜೋರು. ಅದರ ಮೇಲೆ ಕರಿ ಸುರಿದುಕೊಂಡವರನ್ನು ನಾನು ಕಂಡಿಲ್ಲ. ತುಪ್ಪ, ಜೇನು ಅಷ್ಟೇ. (ಗೆಳತಿಯರು ಆ ಹೊತ್ತಿಗೇ ಬಂದರೆ ಅದನ್ನೂ ತಿನ್ನಿಸು. ಮೂತ್ರ ಕೆಂಪಾಗುತ್ತದೆ, ಹೆದರಬೇಡಿ ಎಂದು ಮೊದಲೇ ಹೇಳಿಬಿಡು. ಇಲ್ಲದಿದ್ದರೆ ಬೆಳಿಗ್ಗೆ ಆಸ್ಪತ್ರೆಗೆ ಓಡಿಯಾರು.)

ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್‌ನ ರವೆ ಇಡ್ಲಿಯನ್ನೇ ನೋಡು. ಎರಡನೇ ಮಹಾಯುದ್ಧದ ಕಾಲಕ್ಕೆ ಅಕ್ಕಿ ಸಿಗದೆ ರವೆ ಹಿಡಿದೆವು ಎಂದು ಅವರೇ ಹೇಳಿಕೊಳ್ಳುತ್ತಾರೆ. ಗೋಡಂಬಿ, ಸಾಸಿವೆಯ ಒಗ್ಗರಣೆಯೆಲ್ಲ ಹಿಟ್ಟಿನೊಳಗೇ ಹೋಯಿತು. ಜೊತೆಗೆ ಆಲೂಗಡ್ಡೆ ಸಾಗು ಬಂತು. ಈಗ ಅದನ್ನು ಹೊಸತು ಅನ್ನುವವರೇ ಇಲ್ಲ.

ಇನ್ನು ಒಲೆಯ ಮುಂದಿನ ಮಾತು. ಚಾಕೊಲೇಟ್ ಬಾರನ್ನು ಕರಗಿಸಿ ತರಿಗೆ ಮೊದಲೇ ಸುರಿಯಬೇಡ. ಅದರ ಜಿಡ್ಡು ತರಿಗೆ ಅಂಟಿಕೊಂಡರೆ ನೀರು ಸರಿಯಾಗಿ ಒಳಗಿಳಿಯುವುದಿಲ್ಲ, ಉಂಡೆ ಬಿರಿಯುತ್ತದೆ. ಬೆಲ್ಲಕ್ಕೂ ಅವಸರ ಬೇಡ. ಪಾಯಸಕ್ಕೆ ಅಕ್ಕಿ ಬೆಂದ ಮೇಲೆಯೇ ಬೆಲ್ಲ ಹಾಕುತ್ತೇವಲ್ಲ, ಸಿಹಿ ಮೊದಲೇ ಬಿದ್ದರೆ ಅಕ್ಕಿ ಬೇಯಲು ಸತಾಯಿಸುತ್ತದೆ. ನನ್ನ ಕೇಳಿದರೆ, ಕುದಿಯುವ ನೀರಿಗೆ ಸಿಹಿಯಿಲ್ಲದ ಕೋಕೋ ಪುಡಿ ಸ್ವಲ್ಪ, ಉಪ್ಪು ಚಿಟಿಕೆ ಹಾಕಿ ತರಿ ಬೇಯಿಸು. ಉಂಡೆ ಕಟ್ಟುವಾಗ ನಡುವೆ ಒಂದು ಚೂರು ಚಾಕೊಲೇಟ್ ಇಟ್ಟು ಮುಚ್ಚಿ ಹಬೆಗಿಡು. ಪುತ್ತೂರಿನ ಕ್ಯಾಂಪ್ಕೊದ್ದಾದರೂ ಸಾಕು. 1986ರಿಂದ ಅಲ್ಲೇ ಕಾರ್ಖಾನೆ ಇರುವಾಗ ವಿದೇಶದ್ದಕ್ಕೆ ದುಡ್ಡು ಸುರಿಯಬೇಡ. ಉಂಡೆ ನಿಂಬೆಹಣ್ಣಿನ ಗಾತ್ರ ದಾಟದಿರಲಿ. ಮೇಲೆ ದಪ್ಪ ಕಾಯಿಹಾಲು, ಬೇಕಿದ್ದರೆ ಜೇನು.

ಬಿಸಿಯಿರುವಾಗಲೇ ತಿನ್ನಿ, ಆರಿದರೆ ಅಕ್ಕಿ ಗಟ್ಟಿಯಾಗುತ್ತದೆ. ಊಟವಾದ ಮೇಲೆ, ನಾಲಿಗೆಯಲ್ಲಿ ಇನ್ನೂ ಕಾಚಂಪುಳಿ ಇರುವಾಗ ರುಚಿ ನೋಡಿ ಮುಖ ಕಿವುಚಬೇಡಿ. ಸಂಜೆ ನಾಲ್ಕರ ಹಸಿವಿಗೆ, ಬೆಲ್ಲದ ಕರಿ ಕಾಫಿಯ ಜೊತೆ ಕೊಡು. ಮೊದಲ ತುತ್ತಿಗೆ ಎಲ್ಲರೂ ಅಮ್ಮನ ಕಡಂಬುಟ್ಟನ್ನೇ ಹುಡುಕುತ್ತಾರೆ, ಅದಕ್ಕೆ ಬೆಲೆ ಕೊಡಬೇಡ. ಎರಡನೆಯದನ್ನು ಕೇಳಿ ಹಾಕಿಸಿಕೊಂಡರೋ ಇಲ್ಲವೋ, ಅದನ್ನು ನೋಡು.

ಸೆಪ್ಟೆಂಬರ್ 3ರ ಕೈಲ್ ಪೊಳ್ದ್ ಹಬ್ಬಕ್ಕೆ ಮಾತ್ರ ಈ ಪ್ರಯೋಗ ಬೇಡ. ಅವತ್ತು ನಿನ್ನಜ್ಜ ತಟ್ಟೆ ಮುಂದೆ ಕೂತು ಬಿಳಿ ಕಡಂಬುಟ್ಟನ್ನೇ ಕಾಯುತ್ತಾರೆ. ಮಾರನೆಯ ದಿನ ಕಂದು ಉಂಡೆಯನ್ನು ಅವರ ಮುಂದಿಟ್ಟು ನೋಡು, ಬೇಡ ಅನ್ನಲಾರರು. ಸಿಹಿ ಅಂದರೆ ಅವರಿಗೆ ಜೀವ, ಸಕ್ಕರೆ ಕಾಯಿಲೆಯ ನೆಪವೊಡ್ಡಿ ನಿನ್ನಜ್ಜಿಯೇ ತಟ್ಟೆ ಎಳೆದುಕೊಳ್ಳಬೇಕಷ್ಟೆ.