ಮಾತ್ರೆ ಮೇಲಿನ ತಾರೀಕು ಎಲ್ಲಿಂದ ಬರುತ್ತೆ?



ಕುಂದಾಣದ ಕಡೆ ಒಂದು ಸಂಘದ ಸಭೆಯಲ್ಲಿ ವಯಸ್ಸಾದ ಸದಸ್ಯರೊಬ್ಬರು ಕೇಳಿದರು: "ತಾರೀಕು ಮುಗಿದ ಮಾರನೇ ದಿನಾನೇ ಮಾತ್ರೆ ವಿಷ ಆಗೋಗುತ್ತಾ? ಆ ತಾರೀಕನ್ನ ಹೆಂಗೆ ಕಂಡುಹಿಡಿದ್ರು?" ಕೇಳಬೇಕಾದ ಪ್ರಶ್ನೆಯೇ.

1940ರ ಔಷಧ ಕಾಯ್ದೆ ಮತ್ತು 1945ರ ನಿಯಮಗಳ ಪ್ರಕಾರ ಔಷಧಿಯ ಮೇಲೆ ಅವಧಿ ಮುಗಿಯುವ ತಾರೀಕು ಇರಬೇಕು. ಅದನ್ನು ಅಂದಾಜಿಗೆ ಬರೆಯೋದಲ್ಲ. ಸಾಮಾನ್ಯವಾಗಿ ಮೂರು ಬ್ಯಾಚಿನ ಮಾತ್ರೆಗಳನ್ನು ಶಾಖ, ತೇವ ಎರಡೂ ಒಂದೇ ಸಮ ಇರುವ ಕೋಣೆಯಲ್ಲಿ ಇಡುತ್ತಾರೆ. ನಮ್ಮಂಥ ಬಿಸಿ ದೇಶಕ್ಕೆ 30 ಡಿಗ್ರಿ. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೇ ವರ್ಷ ಆರು ತಿಂಗಳಿಗೊಮ್ಮೆ ತೆಗೆದು, ಒಳಗಿನ ಮದ್ದು ಎಷ್ಟು ಉಳಿದಿದೆ ಅಂತ ಅಳೆಯುತ್ತಾರೆ.

ಒಂದು ಲೆಕ್ಕ ನೋಡೋಣ. ಶುರುವಿನಲ್ಲಿ ಮದ್ದು 100 ಪಾಲು, ವರ್ಷಕ್ಕೆ 98, ಎರಡು ವರ್ಷಕ್ಕೆ 96 ಅಂತಿಟ್ಟುಕೊಳ್ಳಿ. 90ಕ್ಕಿಂತ ಇಳಿಯಬಾರದು ಅನ್ನೋದು ಮಿತಿ. ಇದೇ ಗೆರೆ ಮುಂದೆ ಎಳೆದರೆ 60ನೇ ತಿಂಗಳಿಗೆ 90 ಮುಟ್ಟುತ್ತೆ. ಹಾಗಾದರೆ ಐದು ವರ್ಷ ಅಂತ ಬರೆಯಬಹುದಲ್ಲ? ಬರೆಯಲ್ಲ. ಡೇರಿಗೆ ಹಾಲು ಹಾಕುವವರಿಗೆ ಕಾರಣ ಗೊತ್ತಿರುತ್ತೆ. ಹಸು ಒಂದೇ, ಮೇವು ಒಂದೇ, ಆದ್ರೂ ಫ್ಯಾಟು ಒಂದೊಂದು ದಿನ ಒಂದೊಂದು ಥರ. ಸಾಲದ ಕಂತಿಗೆ ಲೆಕ್ಕ ಹಾಕುವಾಗ ದುಡ್ಡು ಜಾಸ್ತಿ ಬಂದ ವಾರವನ್ನು ನಾವು ನಂಬೋದಿಲ್ಲ. ಹಾಗೇ ಇಲ್ಲೂ ಸರಾಸರಿ ಗೆರೆಯ ಕೆಳಗೆ ಇನ್ನೊಂದು ಗೆರೆ ಎಳೆಯುತ್ತಾರೆ. ನಿಜವಾದ ಸರಾಸರಿ ಇದಕ್ಕಿಂತ ಕೆಳಗಿರಲ್ಲ ಅಂತ ನೂರಕ್ಕೆ 95ರಷ್ಟು ಭರವಸೆ ಕೊಡುವ ಗೆರೆ ಅದು. ನಮ್ಮ ಲೆಕ್ಕದಲ್ಲಿ ಅದು 42ನೇ ತಿಂಗಳಿಗೇ 90 ಮುಟ್ಟಿತು ಅನ್ನಿ. ಆಗಲೂ ಕೊಡೋದು 36 ತಿಂಗಳೇ. ಯಾಕೆಂದರೆ ಅಳೆದು ನೋಡಿದ್ದು 24 ತಿಂಗಳು. ಅದರಾಚೆ 12 ತಿಂಗಳಿಗಿಂತ ಹೆಚ್ಚು ಮುಂದೆ ಹೋಗಬಾರದು ಅಂತ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತೆ. ಬ್ಯಾಚುಗಳ ನಡುವೆ ತುಂಬಾ ವ್ಯತ್ಯಾಸ ಕಂಡರೆ, ಬೇಗ ಕೆಡುವ ಬ್ಯಾಚೇ ಲೆಕ್ಕಕ್ಕೆ.

ಹಾಗಾಗಿ ಮಾರನೇ ದಿನಕ್ಕೆ ಮಾತ್ರೆ ವಿಷ ಆಗಲ್ಲ. ಆದರೆ ಅಲ್ಲಿಂದಾಚೆ ಭರವಸೆ ಕೊಡುವವರು ಯಾರೂ ಇಲ್ಲ. ತಲೆನೋವಿನ ಮಾತ್ರೆಯ ಶಕ್ತಿ ಸ್ವಲ್ಪ ಇಳಿದರೆ ನೋವು ಹೋಗದೇ ಇರಬಹುದು, ಅಷ್ಟೇ. ಇನ್ಸುಲಿನ್, ಹೃದಯದ ಮಾತ್ರೆ, ಮಗುವಿನ ಆಂಟಿಬಯೋಟಿಕ್ ಇಳಿದರೆ ಜೀವಕ್ಕೇ ಕಷ್ಟ. ಹಳೆಯದಾಗಿ ಕೆಟ್ಟ ಟೆಟ್ರಾಸೈಕ್ಲಿನ್‌ನಿಂದ ಮೂತ್ರಪಿಂಡಕ್ಕೆ ತೊಂದರೆಯಾದದ್ದು 1963ರಲ್ಲೇ ವರದಿಯಾಗಿದೆ.

ಇನ್ನೊಂದು ಮುಖ್ಯ ಮಾತು. ಆ ತಾರೀಕು 30 ಡಿಗ್ರಿಯ ಕೋಣೆಯ ಲೆಕ್ಕ. ಏಪ್ರಿಲ್ ತಿಂಗಳಲ್ಲಿ ಶೀಟಿನ ಮನೆಯೊಳಗೆ, ಒಲೆಯ ಮೇಲಿನ ಗೂಡಿನಲ್ಲಿ ಇಟ್ಟ ಮಾತ್ರೆಗೆ ಅದು ಒಪ್ಪಲ್ಲ. ಶಾಖ ಹತ್ತು ಡಿಗ್ರಿ ಏರಿದರೆ ಮದ್ದು ಕೆಡುವ ವೇಗ ಸುಮಾರು ಎರಡು ಪಟ್ಟು, ಕೆಲವಕ್ಕೆ ಇನ್ನೂ ಜಾಸ್ತಿ. ನೆಲದ ಹತ್ತಿರ, ಬಿಸಿಲು ಬೀಳದ, ಒಣಗಿದ, ಮಕ್ಕಳ ಕೈಗೆ ಸಿಗದ ಹಾಗೆ ಬೀಗ ಹಾಕಿದ ಪೆಟ್ಟಿಗೆ ಒಳ್ಳೆಯದು. ಮುಚ್ಚಳ ತೆಗೆದ ಮೇಲೆ ಡಬ್ಬಿ ಮೇಲಿನ ತಾರೀಕು ಲೆಕ್ಕಕ್ಕಿಲ್ಲ: ನೀರು ಬೆರೆಸಿದ ಓಆರ್‌ಎಸ್ 24 ಗಂಟೆ, ಕಣ್ಣಿನ ಹನಿ ಸಾಮಾನ್ಯವಾಗಿ ಒಂದು ತಿಂಗಳು. ಮಕ್ಕಳ ಪುಡಿ ಸಿರಪ್ಪು ನೀರು ಬೆರೆಸಿದ ಮೇಲೆ ಕೆಲವೇ ದಿನ. ಎಷ್ಟು ದಿನ ಅಂತ ಬಾಟಲಿ ಮೇಲೆ ಬರೆದಿರುತ್ತೆ, ಓದಿಸಿಕೊಳ್ಳಿ.

ಅಂಗಡಿಯಲ್ಲಿ ಸ್ಟ್ರಿಪ್ ಕತ್ತರಿಸಿ ಕೊಟ್ಟಾಗ ತಾರೀಕು ಇರುವ ತುಂಡು ಅಂಗಡಿಯಲ್ಲೇ ಉಳಿದುಬಿಡುತ್ತೆ. ಕೇಳಿ, ನೋಡಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಮುಂದಿನ ಸಭೆಗೆ ಮನೆಯ ಮಾತ್ರೆ ಡಬ್ಬ ತನ್ನಿ, ಎಲ್ಲರೂ ಸೇರಿ ನೋಡೋಣ.